ನಿಜಗುಣಪ್ಪ ಕಾಕಾ ಪ್ರೂಫ್ ನೋಡುವ ರೀತಿ

ಬೈಲಹೊಂಗಲದ ಬಜಾರದಲ್ಲಿರುವ ನಮ್ಮ ಪ್ರೆಸ್ಸಿನಲ್ಲಿ ಹೆಚ್ಚಾಗಿ ಮದುವೆ ಕಾರ್ಡುಗಳೇ ಅಚ್ಚಾಗುತ್ತವೆ. ನಾನು ಫರೀನ್, ಕಂಪ್ಯೂಟರಿನಲ್ಲಿ ಟೈಪು ಮಾಡುವವಳು. ನಾನು ಮಾಡಿದ್ದನ್ನು ತಿದ್ದುವವರು ನಿಜಗುಣಪ್ಪ ಕಾಕಾ. ಹದಿನೆಂಟನೆಯ ವಯಸ್ಸಿಗೆ ಸೀಸದ ಅಚ್ಚುಮೊಳೆ ಜೋಡಿಸಲು ಇಲ್ಲಿಗೆ ಬಂದವರು, ಈಗ ಅವರಿಗೆ ಎಪ್ಪತ್ತೆರಡು. ನಮ್ಮ ಮಾಲೀಕ ಲಕ್ಷ್ಮಣಣ್ಣ ಆಗ ಹುಟ್ಟೇ ಇರಲಿಲ್ಲ. ಕಾಕಾ ನೋಡಿದ ಪ್ರೂಫನ್ನು ಮತ್ತೊಬ್ಬರು ನೋಡುವ ಪದ್ಧತಿಯೇ ನಮ್ಮಲ್ಲಿರಲಿಲ್ಲ.

ಹೋದ ವರ್ಷ ಮದುವೆಯ ಹಂಗಾಮಿನಲ್ಲಿ ಒಂದು ಕಾರ್ಡು ಕೆಟ್ಟಿತು. ತೀರಿಕೊಂಡಿದ್ದವರು ಮದುಮಗಳ ಅಜ್ಜ. ಅವರ ಹೆಸರಿಗೆ ಸೇರಬೇಕಾದ ‘ದಿವಂಗತ’ವನ್ನು ನಾನು ಕೆಳಗಿನ ಸಾಲಿನಲ್ಲಿದ್ದ ಅವಳ ಅಪ್ಪನ ಹೆಸರಿಗೆ ಹಚ್ಚಿಬಿಟ್ಟಿದ್ದೆ. ಕಾಕಾನ ಕಣ್ಣಿಗೂ ಅದು ಬೀಳಲಿಲ್ಲ. ಐದುನೂರು ಕಾರ್ಡು ಅಚ್ಚಾದ ಮೇಲೆ ಆ ಅಪ್ಪನೇ ಕೌಂಟರಿನ ಮುಂದೆ ಬಂದು ನಿಂತರು. ಬೈಯಲಿಲ್ಲ.

“ನಾ ಇನ್ನೂ ಜೀವಂತ ಇದ್ದೇನಿ ಅಲ್ರಿ,” ಎಂದರು.

ಟೈಪಿನ ತಪ್ಪು ನನ್ನದೇ ಆದರೂ ಕಾಕಾ ಅದನ್ನು ತಮ್ಮ ತಲೆಯ ಮೇಲೆ ಎಳೆದುಕೊಂಡರು. ಕಾರ್ಡು ಮತ್ತೆ ಅಚ್ಚಾದವು. ಇನ್ನು ಮನೆಯಲ್ಲಿ ಆರಾಮಾಗಿ ಇರಬಹುದಲ್ಲ ಎಂದು ಲಕ್ಷ್ಮಣಣ್ಣ ಮೆಲ್ಲಗೆ ಮಾತು ತೆಗೆದಾಗ, ಕಾಕಾ ಎಂಟು ದಿನದ ಗಡುವು ಕೇಳಿದರು.

ಆ ಎಂಟು ದಿನವೂ ಅವರು ಒಂದು ಹಾಳೆಯನ್ನು ಮಗ್ಗುಲಲ್ಲಿಟ್ಟುಕೊಂಡು ಕುಂತರು. ಪ್ರೂಫಿನಿಂದ ತಲೆ ಎತ್ತಿದಾಗೊಮ್ಮೆ ಅದರ ಮೇಲೊಂದು ಗೀಟು. ಮೊದಲನೆಯ ದಿನ ಊಟದ ಹೊತ್ತಿಗೇ ಇಪ್ಪತ್ಮೂರು ಗೀಟಾಗಿದ್ದವು. ಕರೆದು ನನಗೆ ತೋರಿಸಿದರು.

“ಕಣ್ಣು ಚಲೋ ಅದಾವ ಫರೀನ್. ಗಮನ ನಿಲ್ಲವಲ್ದು. ಮೊದಲೆಲ್ಲಾ ಮಗ್ಗಲಿಗೇ ಮಷೀನ್ ಓಡತಿದ್ರೂ ನನಗ ಕೇಳತಿರಲಿಲ್ಲ. ಈಗ ಹೊರಗ ಯಾರರ ಕೆಮ್ಮಿದ್ರೂ ಕಿವಿ ಅಲ್ಲಿಗಿ ಓಡತೈತಿ. ತಿರುಗಿ ಬರೂದ್ರಾಗ ಒಂದ್ ಸಾಲು ಹಾರಿರತೈತಿ.”

ಮಷೀನಿನ ಬೆಲ್ಟು ಸಡಿಲಾಗಿದೆ ಎಂದು ಹೇಳುವವರ ಹಾಗೆ ಹೇಳಿದರು. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಹಾಳೆಯನ್ನು ಹರಿದು ಒಗೆಯುತ್ತಿದ್ದೆ.

ಎಂಟು ದಿನ ಮುಗಿಯುವುದರೊಳಗೆ ಕಾಕಾ ಕೆಲಸದ ರೀತಿಯನ್ನೇ ಬದಲಿಸಿದರು. ಬೆಳಗ್ಗೆ ಏಳೂವರೆಗೆ, ಪ್ರೆಸ್ಸು ಶುರುವಾಗುವ ಮುಂಚೆ ಬರುವುದು. ದಪ್ಪ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕೊರೆದು, ಅದನ್ನು ಪ್ರೂಫಿನ ಮೇಲೆ ಸರಿಸುತ್ತ ಓದುವುದು. ಯಾರಾದರೂ ಕರೆದರೆ, ಓದುತ್ತಿದ್ದ ಅಕ್ಷರದ ಕೆಳಗೆ ಪೆನ್ಸಿಲ್ಲಿನ ಚುಕ್ಕೆ ಇಡದೆ ತಲೆ ಎತ್ತುವುದಿಲ್ಲ. ಹೆಸರುಗಳನ್ನು ಮಾತ್ರ ಕಡೆಯಿಂದ ಹಿಂದಕ್ಕೆ ಗಟ್ಟಿಯಾಗಿ ಓದುವುದು, ಗಿರಾಕಿ ಕೊಟ್ಟ ಹಾಳೆಯಿಂದ ನಾನು ಬರೆದುಕೊಟ್ಟ ಚೀಟಿಯೊಡನೆ ಹೋಲಿಸುವುದು. ಮಧ್ಯಾಹ್ನ ಪ್ರೂಫ್ ಕೊಡಬೇಡಿ, ಕಾರ್ಡು ಎಣಿಸಿ ಕಟ್ಟುವ ಕೆಲಸ ಕೊಡಿ ಎಂದು ತಾವಾಗಿಯೇ ಲಕ್ಷ್ಮಣಣ್ಣನಿಗೆ ಹೇಳಿದರು. ಅವರು ಒಪ್ಪಿದರು, ಮನೆಯಲ್ಲಿರುವ ಮಾತನ್ನು ಮತ್ತೆ ತೆಗೆಯಲಿಲ್ಲ.

ಎಪ್ರಿಲ್ ತಿಂಗಳಲ್ಲಿ ಹೂಲಿಯ ಕೆಂಚವ್ವ ಎಂಬ ಅಜ್ಜಿ ಮೊಮ್ಮಗಳ ಮದುವೆಯ ಕಾರ್ಡು ಆರಿಸಲು ಬಂದಿದ್ದಳು. ಮಧ್ಯಾಹ್ನದ ಹೊತ್ತು. ಬೆಂಚಿನ ಮೇಲೆ ಕುಂತು ಪಕ್ಕದವರೊಡನೆ ಬಹಳ ಹೊತ್ತು ಮಾತಾಡಿದಳು. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೆಲಸದಲ್ಲಿದ್ದೆ, ಒಂದು ಮಾತೂ ಕೇಳಲಿಲ್ಲ. ಎರಡು ದಿನದ ಮೇಲೆ ಅವಳ ಕಿರಿಮಗ ಭೀಮಶಿ ಕಿತ್ತೂರಿನಿಂದ ಬಂದು ಬರೆದ ಹಾಳೆ ಕೊಟ್ಟ. ಟೈಪು ಮಾಡಿದೆ. ಮರುದಿನ ಅವನೇ ಬಂದು ಪ್ರೂಫ್ ಓದಿ ಸಹಿ ಹಾಕಿದ. ಹಾಳೆಯಲ್ಲಿದ್ದದ್ದಕ್ಕೂ ಪ್ರೂಫಿಗೂ ಒಂದಕ್ಷರ ವ್ಯತ್ಯಾಸವಿರಲಿಲ್ಲ, ಎರಡರಲ್ಲೂ ಮದುವೆ ಮುನವಳ್ಳಿಯಲ್ಲಿ ಎಂದೇ ಇತ್ತು.

ಕಾಕಾ ಮಾತ್ರ ಪ್ರೂಫನ್ನು ಕೈಯಲ್ಲಿ ಹಿಡಿದು ನಿಂತರು.

“ಒಂದ್ ಫೋನ್ ಮಾಡ್ರಿ ಮನಿಗಿ. ಮದುವಿ ಮುನವಳ್ಳ್ಯಾಗೋ ಸವದತ್ತ್ಯಾಗೋ, ನಿಮ್ಮ ಅವ್ವಾರನ್ನ ಕೇಳ್ರಿ.”

ಭೀಮಶಿ ನಕ್ಕು ಫೋನ್ ಹಚ್ಚಿದ. ಮಾತಾಡುತ್ತ ಆಡುತ್ತ ಅವನ ನಗು ಇಳಿಯಿತು. ಮುನವಳ್ಳಿಯ ಮಂಟಪ ಸಿಗದೆ ಮದುವೆಯನ್ನು ಸವದತ್ತಿಗೆ ಬದಲಿಸಿ ವಾರವಾಗಿತ್ತು. ಅವನಿಗೆ ಯಾರೂ ಹೇಳಿರಲಿಲ್ಲ, ಅವನು ತಂದದ್ದು ಹಳೆಯ ಹಾಳೆ.

ನಿಮಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಿದೆ. ಕಾರ್ಡು ಎಣಿಸುವಾಗ, ಮದುವೆ ಸವದತ್ತಿಯಲ್ಲಿ ಎಂಬ ಅಜ್ಜಿಯ ಮಾತಿಗೆ ಕಿವಿ ಹೋಗಿ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದ್ದರಂತೆ.

“ಬ್ಯಾಡಾದ್ದೆಲ್ಲಾ ಈಗ ಒಳಗ ಬರತೈತಿ. ಒಮ್ಮೊಮ್ಮಿ ಬೇಕಾದ್ದೂ ಅದರಾಗ ಇರತೈತಿ,” ಎಂದರು.

ಲಕ್ಷ್ಮಣಣ್ಣ ಇದನ್ನು ಬಂದವರಿಗೆಲ್ಲ ಹೇಳತೊಡಗಿದಾಗ ಕಾಕಾ ಅವರನ್ನು ತಡೆದರು. ಕಿವಿ ಅವತ್ತು ಉಪಕಾರ ಮಾಡಿತು, ನಾಳೆ ಮತ್ತೆ ಸಾಲು ಹಾರಿಸುವುದೂ ಅದೇ, ಅದನ್ನು ನಂಬಿ ಕೆಲಸ ಮಾಡಲು ಬರುವುದಿಲ್ಲ ಎಂದರು.

ಈ ವರ್ಷ ರಾಮದುರ್ಗದ ಕಡೆಯ ಒಂದು ಶಾಲೆಯವರು ತೊಂಬತ್ತಾರು ಪುಟದ ಸ್ಮರಣ ಸಂಚಿಕೆ ತಂದರು. ನಾಲ್ಕೇ ದಿನದಲ್ಲಿ ಬೇಕೆಂದರು. ದಿನಕ್ಕೆ ಎಂಟು ಪುಟಕ್ಕಿಂತ ಹೆಚ್ಚು ತಮ್ಮ ಕೈಯಲ್ಲಿ ಆಗುವುದಿಲ್ಲ, ಅವಸರವಿದ್ದರೆ ಬೇರೆ ಕಡೆ ಕೊಡಿರೆಂದು ಕಾಕಾ ನೇರವಾಗಿ ಹೇಳಿಬಿಟ್ಟರು. ಶಾಲೆಯವರು ಕಾಯುತ್ತೇವೆ ಎಂದರು. ಹನ್ನೆರಡು ದಿನ ಹಿಡಿಯಿತು. ಸಂಚಿಕೆ ಅಚ್ಚಾಗಿ ಬಂದ ಮೇಲೆ ಕಾಕಾ ಅದನ್ನು ದಿನಕ್ಕೆ ಎಂಟು ಪುಟದಂತೆ ಮತ್ತೊಮ್ಮೆ ಪೂರ್ತಿ ಓದಿದರು. ಅರವತ್ತೊಂದನೆಯ ಪುಟದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅದಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಬೇರೆ ಯಾರೂ ಹೇಳುವ ಮೊದಲೇ ತಾವೇ ಒಯ್ದು ಲಕ್ಷ್ಮಣಣ್ಣನ ಟೇಬಲ್ಲಿನ ಮೇಲಿಟ್ಟರು.