ಹರಿಣಾಕ್ಷಿಯವರ ಗೀಟು

ಹರಿಣಾಕ್ಷಿಯವರು ಹೆಸರಿಗೆ ಅಂಕಿಯನ್ನು ಅಂಟಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಆಟೋದವರಿಗೆ ವಿಳಾಸ ಹೇಳುವಾಗಲೂ "ಕಬಕ, ಗೀಟು, ಹದಿನಾಲ್ಕು" ಎನ್ನುತ್ತಿದ್ದರು. ನಡುವಿನ ಆ ಗೀಟನ್ನು ತೋರುಬೆರಳಿನಿಂದ ಗಾಳಿಯಲ್ಲಿ ಎಳೆದೂ ತೋರಿಸುತ್ತಿದ್ದರು. ಪುತ್ತೂರಿನ ನಮ್ಮ ಸಮೀಕ್ಷಾ ಕಚೇರಿಯಲ್ಲಿ ಅವರದು ಅಂಕಿಅಂಶಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ, ನನ್ನದು ಪ್ರಶ್ನಾವಳಿಗಳನ್ನು ಕನ್ನಡಕ್ಕೆ ತರುವ ಕೆಲಸ. ವರ್ಷಗಟ್ಟಲೆ ಪಕ್ಕದ ಮೇಜಿನಲ್ಲಿದ್ದರೂ ಅವರ ಕುರಿತು ನನಗೆ ಗೊತ್ತಿದ್ದದ್ದು ಇಷ್ಟೇ: ಎಸಿಯ ಚಳಿಗೆ ಸದಾ ತೊಟ್ಟಿರುತ್ತಿದ್ದ ಕಂದು ಸ್ವೆಟರ್, ಗೋಡೆಗೆ ಮುಖಮಾಡಿ ಉಣ್ಣುವ ಅಭ್ಯಾಸ, ಯಾರಾದರೂ ಮನೆಯ ಮಾತೆತ್ತಿದರೆ ನೀರಿನ ಬಾಟಲಿ ಹಿಡಿದು ಎದ್ದುಹೋಗುವ ಅವಸರದ ನಡಿಗೆ.

ಗೀಟು ಬರಿಯ ಹುಚ್ಚಲ್ಲವೆಂದು ತಿಳಿದದ್ದು ಕಿವಿ ಮಂದವಾದವರ ಸಮೀಕ್ಷೆಯಲ್ಲಿ. ಅದರಲ್ಲಿ ಬೈಲಿನ, ಅಂದರೆ ಊರಿನ ಒಂದೊಂದು ಭಾಗದ, ಗುರುತಿನಲ್ಲಿ ಅಕ್ಷರದ ಜೊತೆ ಅಂಕಿಯೂ ಇತ್ತು, ಮನೆಯದು ಶುದ್ಧ ಸಂಖ್ಯೆ. ಎರಡನ್ನೂ ಜೋಡಿಸಿದರೆ ಒಬ್ಬೊಬ್ಬರಿಗೆ ಒಂದೊಂದು ಗುರುತು. ಹರಿಣಾಕ್ಷಿಯವರು ರಜೆಯಲ್ಲಿದ್ದಾಗ ಬೇರೊಬ್ಬರು ಗೀಟಿಲ್ಲದೆ ಜೋಡಿಸಿಬಿಟ್ಟರು. ‘ಕ1’ ಬೈಲಿನ 12ನೇ ಮನೆಯೂ ‘ಕ112’ ಆಯಿತು, ‘ಕ11’ ಬೈಲಿನ 2ನೇ ಮನೆಯೂ ‘ಕ112’ ಆಯಿತು. ಒಬ್ಬರೇ ಎರಡು ಸಲ ಬಂದಿದ್ದಾರೆಂದು ಕಂಪ್ಯೂಟರ್ ಒಬ್ಬರನ್ನು ಅಳಿಸಿಹಾಕಿತು. ಹಾಗೆ ಅಳಿಸಿಹೋದವರು ಕಾಣಿಯೂರಿನ ಆದಂ ಕುಂಞಿ; ಶ್ರವಣಯಂತ್ರ ಕೊಡುವ ಶಿಬಿರಕ್ಕೆ ಅವರಿಗೆ ಕರೆಯೇ ಹೋಗಲಿಲ್ಲ. ಶಿಬಿರ ಮುಗಿದ ಮೇಲೆ ರಜೆಯಿಂದ ಮರಳಿದ ಹರಿಣಾಕ್ಷಿಯವರೇ ಅದನ್ನು ಪತ್ತೆಹಚ್ಚಿದರು.

"ಒಬ್ಬರು ತಪ್ಪಿದ್ದಕ್ಕೆ ಸರಾಸರಿ ಬದಲಾಗುದಿಲ್ಲ ಮೇಡಂ, ಬಿಡಿ," ಎಂದರು ಮೇಲಧಿಕಾರಿ ಬೋಜಪ್ಪ.

"ಸರಾಸರಿಗೆ ಕಿವಿ ಬೇಡ ಸರ್. ಅವರಿಗೆ ಬೇಕು," ಎಂದರು ಹರಿಣಾಕ್ಷಿ.

ಮರುದಿನ ಅವರೊಡನೆ ನಾನೂ ಕಾಣಿಯೂರಿಗೆ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯ ಜಗಲಿಯಲ್ಲಿ ಆದಂ ಕುಂಞಿ ಮೊಬೈಲನ್ನು ಅಂಗೈಯಲ್ಲಿ ಹಿಡಿದು ಕೂತಿದ್ದರು. ಕರೆ ಬಂದರೆ ಸದ್ದು ಕೇಳದು, ನಡುಗಿದ್ದಾದರೂ ತಿಳಿಯಲಿ ಎಂದು. ಶಿಬಿರ ಮುಗಿದದ್ದು ಅವರಿಗೆ ಗೊತ್ತಿರಲಿಲ್ಲ. ಹರಿಣಾಕ್ಷಿಯವರು ಅವರ ಕಿವಿಯ ಬಳಿ ಬಾಗಿ, ಯಂತ್ರ ಖಂಡಿತ ಬರುತ್ತದೆಂದು ಕೂಗಿ ಹೇಳಿದರು. ಮುದುಕರ ಮುಖ ಅರಳಿತು.

"ನಿಮ್ಮ ಮನೆಯಲ್ಲಿ ಯಾರೆಲ್ಲ ಉಂಟು?" ಎಂದು ಕೇಳಿದರು.

"ಯಾರೂ ಇಲ್ಲ," ಎಂದರು ಹರಿಣಾಕ್ಷಿ, ಮೆಲ್ಲಗೆ.

"ಎಂತ?"

ಮತ್ತೆ ಹೇಳಿದರು. ಕೇಳಿಸಲಿಲ್ಲ. ಕೊನೆಗೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದರು, "ಯಾರೂ ಇಲ್ಲ." ಅಷ್ಟು ವರ್ಷ ನಮ್ಮೆಲ್ಲರಿಂದ ಮುಚ್ಚಿಟ್ಟಿದ್ದ ಮಾತು ಅದು. ಆದಂ ಕುಂಞಿ ಮಾತ್ರ ತಲೆಯಾಡಿಸಿ, "ಹಾಗಾದರೆ ಅವಸರ ಎಂತ ಮಾರಾಯ್ರೆ, ಊಟ ಮಾಡಿ ಹೋಗಿ," ಎಂದರು.

ಇಂಥವರು ಎಲ್ಲ ಕಚೇರಿಗಳಲ್ಲೂ ಒಬ್ಬರಾದರೂ ಇರುತ್ತಾರೆ. ಎಲ್ಲರ ಲೆಕ್ಕದಿಂದ ತಪ್ಪಿಹೋದವರನ್ನು ಹುಡುಕಿಕೊಂಡು ಊರೂರು ಹೋಗುತ್ತಾರೆ. ಸಂಜೆ ಅವರು ಮನೆ ಮುಟ್ಟಿದರೇ ಎಂದು ಕೇಳುವವರು ಮಾತ್ರ ಇರುವುದಿಲ್ಲ.