ತೊಳೆದ ನೆಲವನ್ನೇ ತೊಳೆದದ್ದು

ಚೆಕಿಂಗಮ್ಮ ಅಂತ ಅವರಿಗೆ ಹೆಸರು ಬಂದದ್ದು ರೈಲಿನಲ್ಲಿ. ಟಿಕೆಟ್ ಪರೀಕ್ಷಿಸುವ ಕೆಲಸದಲ್ಲೇ ಕೂದಲು ಹಣ್ಣಾಗಿಸಿಕೊಂಡು ನಿವೃತ್ತರಾದವರು. ಕೆಲಸ ಬಿಟ್ಟರೂ ಕಣ್ಣು ಕೆಲಸ ಬಿಡಲಿಲ್ಲ. ಹಾಲು ಹಾಕುವವನಿರಲಿ, ಮಗನ ಗೆಳೆಯನಿರಲಿ, ಎದುರಿಗೆ ನಿಂತವರೆಲ್ಲ ಟಿಕೆಟ್ ಇಲ್ಲದೆ ಹತ್ತಿದವರೇ ಅಂತ ಮೊದಲು ಅಂದುಕೊಳ್ಳುವುದು, ಆಮೇಲೆ ಒಬ್ಬೊಬ್ಬರನ್ನೇ ಬಿಟ್ಟುಕಳಿಸುವುದು ಅವರ ಕ್ರಮ. ಎಲ್ಲರೂ ಬಚಾವಾದರು. ಸೊಸೆಗೆ ಮಾತ್ರ ಇನ್ನೂ ಬಿಡುಗಡೆ ಸಿಕ್ಕಿರಲಿಲ್ಲ.

ಸೊಸೆಯ ತಪ್ಪೇನು ಅಂತ ಕೇಳಿದರೆ ಹೇಳುವುದು ಕಷ್ಟ. ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಹುಡುಗಿ. ಮಾತು ಕಡಿಮೆ, ಕೈ ಚುರುಕು. ಅತ್ತೆಗೆ ಎದುರಾಡಿದವಳಲ್ಲ. ಎದುರಾಡುವುದಿಲ್ಲವಲ್ಲ, ಅದೇ ಚೆಕಿಂಗಮ್ಮನಿಗೆ ಅನುಮಾನ. ಟಿಕೆಟ್ ಇಲ್ಲದವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಸುಮ್ಮನೆ ಕೂರುವುದನ್ನು ಅವರೆಷ್ಟು ಕಂಡಿಲ್ಲ?

ಮನೆಗೆಲ್ಲ ಒಂದೇ ಬಚ್ಚಲು. ಅದರ ಮೂಲೆಯಲ್ಲಿ ಗಾಜಿನ ಬಾಗಿಲು ಹಾಕಿದ ಶವರ್, ನೆಲದಿಂದ ಸೂರಿನವರೆಗೆ ಬಿಳಿ ಟೈಲ್ಸು. ಟೈಲ್ಸು ಕೂರಿಸಿದ ದಿನ ನೋಡಿ ಹೊಗಳಿದವರು ಬಹಳ ಜನ. ಉಜ್ಜಲು ಬಂದವರು ಯಾರೂ ಇಲ್ಲ. ಬರುವ ನೀರು ಗಡಸು. ಒಣಗಿದರೆ ಗೋಡೆಗೆ ಬಿಳಿ ಕರೆ, ಒಣಗದಿದ್ದರೆ ಸಂದಿಗೆ ಕಪ್ಪು ಪಾಚಿ. ಶನಿವಾರ ಬೆಳಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಸೊಸೆ ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಒಳಗೆ ಹೋಗುತ್ತಿದ್ದಳು. ಮೇಲಿಂದ ಕೆಳಕ್ಕೆ ಲಿಕ್ವಿಡ್ ಸಿಂಪಡಿಸಿ, ಅದು ಕರೆಯನ್ನು ಮೆತ್ತಗೆ ಮಾಡುವ ತನಕ ಕಾದು, ಬ್ರಷ್ಷಿನಿಂದ ಗೋಡೆ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದು, ಕೊನೆಗೆ ನೆಲ. ಆಮೇಲೆ ಚೆನ್ನಾಗಿ ನೀರು ಬಿಟ್ಟು ವೈಪರ್ ಎಳೆದು ಅಂಗಡಿಗೆ ಓಡುತ್ತಿದ್ದಳು.

ಆ ಲಿಕ್ವಿಡ್ಡು ಹೊಸದು. ನೊರೆ ಇಲ್ಲ, ವಾಸನೆ ಇಲ್ಲ. ನೊರೆ ಬಾರದ ಮೇಲೆ ಅದೆಂಥ ತೊಳೆಯುವುದು ಅಂತ ಚೆಕಿಂಗಮ್ಮ ಮೂಗು ಮುರಿದರು. ಅವರ ಕಾಲದಲ್ಲಿ ನಿಲ್ದಾಣದ ಹೆಂಗಸರ ಕೊಠಡಿಯನ್ನು ಅವರೇ ಮುಂದೆ ನಿಂತು ತೊಳೆಸುತ್ತಿದ್ದರು. ಧಾರಾಳವಾಗಿ ಸೋಪಿನ ಪುಡಿ ಚೆಲ್ಲಿ ತಿಕ್ಕಿ, ಮೇಲೆ ಒಂದು ಸುತ್ತು ನೀರು ಆಡಿಸಿ ಬಿಟ್ಟುಬಿಡುವುದು. ಜಾಸ್ತಿ ನೀರು ಹಾಕಿದರೆ ಪರಿಮಳವೆಲ್ಲ ಮೋರಿಗೆ ಹೋಗುತ್ತದೆ ಅಂತ ಅವರ ಶಾಸ್ತ್ರ. ಹಾಗಾಗಿ ಸೊಸೆ ಮೆಟ್ಟಿಲಿಳಿದದ್ದೇ ತಡ, ಬಟ್ಟೆ ಒಗೆಯುವ ಪುಡಿಯ ಡಬ್ಬಿ ಹಿಡಿದು ತಾವು ಒಳಗೆ ನುಗ್ಗಿ, ತೊಳೆದ ನೆಲವನ್ನೇ ಇನ್ನೊಮ್ಮೆ ತೊಳೆಯತೊಡಗಿದರು. ಮಗನಿಗೆ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. ಗುಟ್ಟಾಗಿ ಮಾಡುವ ಕೆಲಸಕ್ಕೆ ಒಂದು ರುಚಿಯಿದೆ ನೋಡಿ, ಅದು ಅವರಿಗೆ ಹತ್ತಿತು.

ಜಾರಿದ್ದು ಒಂದು ಭಾನುವಾರ ಬೆಳಗ್ಗೆ. ಮನೆಯಲ್ಲಿ ಮೊದಲು ಏಳುವವರು ಅವರೇ, ಮೊದಲ ಸ್ನಾನವೂ ಅವರದೇ. ಗಾಜಿನ ಬಾಗಿಲು ಸರಿಸಿ, ನೀರು ಬಿಟ್ಟು ಕಾಲಿಟ್ಟರೋ ಇಲ್ಲವೋ, ನೆಲ ಕಾಲ ಕೆಳಗಿಂದ ಸರ್ರನೆ ಹೋಯಿತು. ನಲ್ಲಿ ಕೈಗೆ ಸಿಕ್ಕಿದ್ದರಿಂದ ಸೊಂಟ ಉಳಿಯಿತು. ಅವರು ಸ್ನಾನ ಮುಗಿಸಿ ಬಂದ ಮೇಲೆ ಮಗ ಹೋದ, ಸೊಸೆ ಹೋದಳು, ಇಬ್ಬರೂ ನೆಟ್ಟಗೆ ಹೊರಗೆ ಬಂದರು. ಮುಂದಿನ ಭಾನುವಾರವೂ ಅದೇ ಕಥೆ. ಜಾರುವುದು ತಮಗೊಬ್ಬರಿಗೇ, ಅದೂ ಸೊಸೆ ತೊಳೆದ ಮಾರನೆಯ ದಿನವೇ ಅಂತ ಗೊತ್ತಾದಾಗ ಚೆಕಿಂಗಮ್ಮನ ತಲೆಯಲ್ಲಿ ಹುಳ ಹೊಕ್ಕಿತು.

ಅದಕ್ಕೆ ಮೇವು ಹಾಕಿದ್ದು ಅಡುಗೆಮನೆಯಿಂದ ಬಂದ ಮಾತು. ಹೊರಗಿಂದ ಬಂದು ಚಪ್ಪಲಿ ಬಿಡುತ್ತಿದ್ದರು. ಒಳಗೆ ಸೊಸೆ ತಗ್ಗಿದ ದನಿಯಲ್ಲಿ ಗಂಡನಿಗೆ ಹೇಳುತ್ತಿದ್ದಳು: "ರೀ, ಒಂದು ಸಲ ಬಿದ್ರೆ ಕಥೆ ಮುಗೀತು. ಅಕ್ಕನ ಮನೆ ಆದ್ರೆ ಹಗಲೊತ್ತು ಜನ ಇರ್ತಾರೆ. ಅಲ್ಲಿಗೇ..." ಅಷ್ಟರಲ್ಲಿ ಹಾಳು ಮಿಕ್ಸಿ ಶುರುವಾಯಿತು.

ಅಕ್ಕ ಅಂದರೆ ಚೆಕಿಂಗಮ್ಮನ ಮಗಳು. ಮಗಳು ಒಳ್ಳೆಯವಳೇ, ಆದರೆ ಆ ಮನೆಯಲ್ಲಿ ಇವರಿಗೆ ಸಿಗುವುದು ನಡುಮನೆಯಲ್ಲಿ ಮಡಚುವ ಮಂಚ, ಕಿವಿ ಹರಿಯುವಂಥ ಟೀವಿ, ಏನು ಕೇಳಿದರೂ ಸುಮ್ನೆ ಕೂತ್ಕೋಮ್ಮ ಅನ್ನುವ ಉತ್ತರ. ಇಲ್ಲಿ ತಮ್ಮದೇ ಕೋಣೆಯಿದೆ, ಕಿಟಕಿ ತೆರೆದರೆ ರೈಲಿನ ಸದ್ದು ಕೇಳುತ್ತದೆ. ಈ ಮನೆಯಿಂದ ಹೊರಡುವುದಾದರೆ ಹೆಣವಾಗಿಯೇ ಹೊರಡುವುದು ಅಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದರು. ಈಗ ಅರ್ಥವಾಯಿತು. ಇವಳು ನೆಲಕ್ಕೆ ಏನೋ ಬಳಿಯುತ್ತಾಳೆ. ನಾನು ಬೀಳಬೇಕು, ಸೊಂಟ ಮುರಿಯಬೇಕು, ನೋಡಿಕೊಳ್ಳಲು ಆಗುವುದಿಲ್ಲ ಅಂತ ಸಾಗಹಾಕಬೇಕು. ಬೆಣ್ಣೆಯಲ್ಲಿನ ಕೂದಲು ತೆಗೆದಷ್ಟು ನಯವಾಗಿ!

ಅಲ್ಲಿಂದ ಶುರುವಾಯಿತು ಪತ್ತೇದಾರಿ. ಸೊಸೆ ತೊಳೆಯುವಾಗ ಬಾಗಿಲ ಬಳಿ ಏನೋ ಹುಡುಕುವವರ ಹಾಗೆ ಸುಳಿದಾಡಿದರು. ಲಿಕ್ವಿಡ್ಡಿನ ಬಾಟಲಿಯನ್ನು ಮೂಸಿ ನೋಡಿದರು, ಬೆರಳಿಗೆ ಹಚ್ಚಿ ತಿಕ್ಕಿ ನೋಡಿದರು. ಸೊಸೆಯೂ ಕಡಿಮೆಯಿಲ್ಲ, ಅವರನ್ನು ಓರೆಗಣ್ಣಲ್ಲಿ ನೋಡುತ್ತಿದ್ದಳು. ಒಂದು ದಿನ ಬಚ್ಚಲ ನೆಲದ ಸಂದಿಯಲ್ಲಿ ಉಗುರು ಹಾಕಿ ಏನನ್ನೋ ಕೆರೆದು, ಅಂಗೈ ಮೇಲಿಟ್ಟು ಗಂಡನಿಗೆ ತೋರಿಸುತ್ತಿದ್ದವಳು ಅತ್ತೆಯನ್ನು ಕಂಡದ್ದೇ ಮುಷ್ಟಿ ಮುಚ್ಚಿದಳು. ಇನ್ನೊಂದು ದಿನ, ಬೆಳಗ್ಗೆ ಏನು ತಿಂದಿರಿ ಅತ್ತೆ, ನೆನಪಿದೆಯಾ ಅಂತ ನಗುತ್ತಾ ಕೇಳಿದಳು. ಇವಳಿಗೇಕೆ ನನ್ನ ಹೊಟ್ಟೆಯ ಸಮಾಚಾರ ಅಂತ ಚೆಕಿಂಗಮ್ಮ ಉತ್ತರವನ್ನೇ ಕೊಡಲಿಲ್ಲ. ಅವಳು ಬಳಿದದ್ದೆಲ್ಲ ಹೋಗಲಿ ಅಂತ ಶನಿವಾರದ ಪುಡಿಯನ್ನು ಮಾತ್ರ ಒಂದು ಹಿಡಿ ಹೆಚ್ಚಿಸಿದರು. ನೆಲ ಇನ್ನೂ ಜಾರಿತು.

ಕೊನೆಗೆ ಸಾಕ್ಷಿ ಸಮೇತ ಹಿಡಿಯುವುದು ಅಂತ ತೀರ್ಮಾನಿಸಿದರು. ಆ ಭಾನುವಾರ ತಾವು ಸ್ನಾನಕ್ಕಿಳಿಯದೆ ಮಗನನ್ನು ಎಬ್ಬಿಸಿ ಬಚ್ಚಲಿಗೆ ಕರೆತಂದರು. ಮಗ ಲಿಫ್ಟು ರಿಪೇರಿ ಮಾಡುವವನು. ಯಾವುದನ್ನೂ ಮುಟ್ಟಿ ನೋಡದೆ ನಂಬುವವನಲ್ಲ. ಹಿಂದೆಯೇ ಸೊಸೆಯೂ ಕಣ್ಣುಜ್ಜಿಕೊಳ್ಳುತ್ತಾ ಬಂದು ನಿಂತಳು. ಬರಲಿ, ಅವಳೆದುರಿಗೇ ಆಗಲಿ ಅಂತ ಚೆಕಿಂಗಮ್ಮನಿಗೆ ಒಳಗೊಳಗೇ ಖುಷಿ. ನಿನ್ನೆ ತೊಳೆದ ಮೇಲೆ ಈ ನೆಲಕ್ಕೆ ಯಾರೂ ಕಾಲಿಟ್ಟಿಲ್ಲ, ನೀನೇ ನೋಡು, ಏನು ಬಳಿದಿದ್ದಾಳೆ ಅಂತ ಹೇಳು ಅಂದರು.

ಮಗ ಕೂತು ಅಂಗೈಯಿಂದ ನೆಲ ಸವರಿದ. ಒಂದು ಮಗ್ ನೀರು ಸುರಿದು ಉಜ್ಜಿದ. ಬಿಳಿ ನೊರೆ ಉಕ್ಕಿ ಬಂತು. ಇಡೀ ಬಚ್ಚಲು ಸೋಪಿನ ಪುಡಿಯ ಪರಿಮಳ.

ಆ ಪರಿಮಳ ಮೂಗಿಗೆ ಬಡಿದಾಗ ಚೆಕಿಂಗಮ್ಮನಿಗೆ ಗುರುತು ಹತ್ತಿತು. ಅದು ಅವರದೇ ಪುಡಿ. ನಿಲ್ದಾಣದ ನೆಲ ಒರಟು ಕಲ್ಲಿನದು, ಅಲ್ಲಿ ಉಳಿದ ಸೋಪು ಕಾಲಿಗೆ ಹತ್ತುತ್ತಿರಲಿಲ್ಲ. ಈ ನುಣ್ಣನೆಯ ಟೈಲ್ಸಿನ ಮೇಲೆ ಅದು ಪದರ ಕಟ್ಟಿ ಒಣಗಿ, ಬೆಳಗ್ಗೆ ಮೊದಲು ಕಾಲಿಟ್ಟವರಿಗಾಗಿ ಕಾಯುತ್ತಿತ್ತು. ಅವರ ಸ್ನಾನದ ನೀರಿಗೇ ಎಲ್ಲ ಕೊಚ್ಚಿಹೋಗುತ್ತಿದ್ದರಿಂದ ಉಳಿದವರು ಜಾರುತ್ತಿರಲಿಲ್ಲ. ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡಿದ್ದರು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕಳ್ಳರು ಸಿಕ್ಕಿಬಿದ್ದಾಗ ನೋಡಿಕೊಳ್ಳುವ ಹಾಗಲ್ಲ. ರೈಲಿನಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿಹೋದ ಮುದುಕರನ್ನು ಜನ ನೋಡುತ್ತಾರಲ್ಲ, ಹಾಗೆ. ಮಗ ಎದ್ದು ನಿಂತು ಅವರ ಭುಜದ ಮೇಲೆ ಕೈಯಿಟ್ಟ. ದನಿ ಮಕ್ಕಳ ಜೊತೆ ಮಾತಾಡುವಷ್ಟು ಮೆತ್ತಗಾಗಿತ್ತು.

"ಅಮ್ಮ, ನಿನ್ನೆ ನೀನು ಇಲ್ಲಿ ಪುಡಿ ಹಾಕಿ ತೊಳೆದದ್ದು ನಿನಗೆ ನೆನಪಿದೆಯಾ?"

ಆಗ ಚೆಕಿಂಗಮ್ಮನಿಗೆ ತಿಳಿಯಿತು, ಇವರಿಬ್ಬರೂ ತಮ್ಮ ಮೇಲೆ ಇಟ್ಟುಕೊಂಡಿದ್ದ ಅನುಮಾನ ಏನು ಅಂತ. ಸಂದಿಯಲ್ಲಿ ಸಿಕ್ಕಿದ ಪುಡಿಯ ಕಾಳು, ಬೆಳಗ್ಗೆ ತಿಂದದ್ದು ನೆನಪಿದೆಯಾ ಅನ್ನುವ ಪ್ರಶ್ನೆ, ಹಗಲೊತ್ತು ಜನ ಇರುವ ಅಕ್ಕನ ಮನೆ. ತೊಳೆದದ್ದನ್ನೇ ತೊಳೆಯುವ ಅತ್ತೆಗೆ ಮರೆವು ಹಿಡಿದಿದೆ ಅಂತ ಸೊಸೆ ಹೆದರಿಕೊಂಡಿದ್ದಳು. ಈಗ ನೆನಪಿಲ್ಲ ಅಂದುಬಿಟ್ಟರೆ ಮರ್ಯಾದೆ ಉಳಿಯುತ್ತದೆ, ಕೋಣೆ ಹೋಗುತ್ತದೆ. ನೆನಪಿದೆ ಅಂದರೆ ಯಾಕೆ ತೊಳೆದೆ ಅಂತ ಹೇಳಬೇಕು. ಅಷ್ಟು ವರ್ಷ ಪರರ ಸುಳ್ಳು ಹಿಡಿದವರಿಗೆ ಬಾಯಿಗೆ ಬಂದ ಸುಳ್ಳು ನಾಲಿಗೆಯ ಮೇಲೆ ನಿಲ್ಲಲಿಲ್ಲ.

"ನೆನಪಿದೆ ಕಣೋ," ಅಂದರು. "ನಿನ್ನೆದೂ ನೆನಪಿದೆ, ಮೊದಲ ದಿನದ್ದೂ ನೆನಪಿದೆ. ಇವಳು ತೊಳೆದದ್ದು ಸರಿ ಇಲ್ಲ ಅಂತ ಬೇಕಂತಲೇ ತೊಳೆದೆ. ಜಾರಿದಾಗ, ನನ್ನ ಬೀಳಿಸೋಕೆ ಇವಳೇ ಏನೋ ಬಳೀತಾಳೆ ಅಂದ್ಕೊಂಡೆ."

ಮಗನ ಕೈ ಅವರ ಭುಜದಿಂದ ಜಾರಿತು. ಸೊಸೆಯ ಮುಖಕ್ಕೆ ಮೊದಲು ನಿರಾಳ ಬಂತು, ಅದರ ಹಿಂದೆಯೇ ನೋವು. ಅವಳು ಬಕೆಟ್ ನಲ್ಲಿಯ ಕೆಳಗಿಟ್ಟು ನೀರು ಬಿಟ್ಟಳು. ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು.

"ನಿಮಗೆ ಏನೂ ಆಗಿಲ್ಲ ಅಂತ ಆಯ್ತಲ್ಲ ಅತ್ತೆ, ಇಲ್ಲೇ ಇರಿ. ಅಕ್ಕನ ಮನೆ ಮಾತು ನಾನೇ ಎತ್ತಿದ್ದೆ, ಈಗ ನಾನೇ ಬಿಟ್ಟೆ. ಆದ್ರೆ ನಿಮ್ಮನ್ನ ಬೀಳಿಸೋಳು ಅಂದ್ಕೊಂಡಿದ್ರಲ್ಲ ನನ್ನ, ಅದನ್ನ ಇವತ್ತೇ ಮರೀ ಅಂದ್ರೆ ನನ್ನ ಕೈಲಾಗಲ್ಲ."

ಚೆಕಿಂಗಮ್ಮ ಕೋಣೆಗೆ ಹೋಗಿ ಮಂಚದ ಮೇಲೆ ಕೂತರು. ಕೋಣೆ ಉಳಿಯಿತು, ಬಯಸಿದ್ದೂ ಅದನ್ನೇ. ಖುಷಿಯಾಗಬೇಕಿತ್ತು, ಅಳು ಬಂತು. ಬಚ್ಚಲಿನಲ್ಲಿ ಸೊಸೆ ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹೊಯ್ಯುತ್ತಿದ್ದಳು, ಎಷ್ಟು ಹೊಯ್ದರೂ ನೊರೆ ಮುಗಿಯುತ್ತಿರಲಿಲ್ಲ. ಎದ್ದು ಹೋಗಿ ವೈಪರನ್ನಾದರೂ ಹಿಡಿಯೋಣ ಅಂತ ಬಾಗಿಲ ತನಕ ಬಂದರು. ತಾವು ಕೈ ಹಾಕಿದರೆ, ಇನ್ನೊಮ್ಮೆ ತೊಳೆಯಲು ಬಂದರು ಅಂತ ಸೊಸೆ ಅಂದುಕೊಂಡಾಳು ಅನ್ನಿಸಿ ಅಲ್ಲೇ ನಿಂತರು.

ಮಧ್ಯಾಹ್ನ ಸೊಸೆ ತಟ್ಟೆಗೆ ಬಡಿಸಿಟ್ಟು, ಅಮ್ಮನ್ನ ಊಟಕ್ಕೆ ಕರೀರಿ ಅಂತ ಗಂಡನಿಗೆ ಹೇಳಿದ್ದು ಗೋಡೆಯಾಚೆಗೆ ಕೇಳಿಸಿತು. ಇಷ್ಟು ದಿನ ಅವಳೇ ಕೋಣೆಯ ಬಾಗಿಲಿಗೆ ಬಂದು ಕರೆಯುತ್ತಿದ್ದಳು. ಮಗ ಬಂದು ಕರೆದಾಗ ಚೆಕಿಂಗಮ್ಮ ಕಣ್ಣೊರೆಸಿಕೊಂಡು ಎದ್ದು ಹೋದರು.