ಆಂಟ್ವಿಯ ಎಂಜಿನ್ ಬಿಚ್ಚಿದ ದಿನ

ನನ್ನ ತಮ್ಮ ಆಂಟ್ವಿ ಸೋಮಾರಿ ಹೌದು, ಬಾಯಿಬಡುಕ ಹೌದು, ಸಾಲದ್ದಕ್ಕೆ ನನ್ನ ಸಾರಿನ ಮೀನನ್ನೆಲ್ಲ ಕದ್ದು ತಿನ್ನುವವನು. ಆದರೆ ನೀರು ಹಾಕದೆ ಗಾಡಿ ಓಡಿಸುವ ಡ್ರೈವರ್ ಖಂಡಿತ ಅಲ್ಲ. ಸುವಾಮೆಯ ಗ್ಯಾರೇಜು ಓಣಿಯಲ್ಲಿ ಎಂಜಿನ್ ಬಿಚ್ಚಿ ಬಿಚ್ಚಿಯೇ ನನ್ನ ತಲೆ ನರೆತಿದೆ; ನನಗೆ ಇಷ್ಟೂ ಗೊತ್ತಾಗುವುದಿಲ್ಲವೇ?

ಮಾಮೆ ದುಫಿಯೆಗೆ ಗೊತ್ತಾಗಲಿಲ್ಲ. ಆಂಟ್ವಿ ಓಡಿಸುತ್ತಿದ್ದದ್ದು ಅವಳ ಟ್ರೋಟ್ರೋ, ಜನ ತುಂಬಿಕೊಂಡು ಓಡಾಡುವ ಬಾಡಿಗೆ ವ್ಯಾನು. ತುಂಬಿದ ಗಾಡಿ ದಿಬ್ಬ ಹತ್ತುವಾಗ ಎಂಜಿನ್ ಕುದ್ದು, ಬಿಳಿ ಹೊಗೆ ಉಗುಳಿ ನಿಂತಿತು. ಅವಳು ಸ್ಟ್ಯಾಂಡಿಗೇ ಬಂದು, ಡ್ರೈವರುಗಳೆಲ್ಲರ ಎದುರು ಅವನ ಕೈಯಿಂದ ಕೀಲಿ ಕಿತ್ತುಕೊಂಡಳು. ಅವಳ ಪಕ್ಕ ನಿಂತಿದ್ದವರು ಅಗ್ಯಾ ನಿಮಾಕೊ. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಗುರು ಅವರೇ. ಹಡಗಿನಲ್ಲಿ ಬಂದಿದ್ದ ಆ ಹಳೇ ಎಂಜಿನ್ನನ್ನು ಗಾಡಿಗೆ ಕೂರಿಸಿದವರೂ ಅವರೇ.

"ನಾನು ಕೂರಿಸಿದ ಎಂಜಿನ್ ಸುಮ್ಸುಮ್ನೆ ಕುದಿಯಲ್ಲ. ಇವ್ನು ನೀರೇ ಹಾಕಿಲ್ಲ" ಅಂದುಬಿಟ್ಟರು.

ಅಗ್ಯಾನ ಬಾಯಿಂದ ಬಂದ ಮೇಲೆ ಮುಗಿಯಿತು. ಮತ್ತೆ ಯಾರೂ ಅವನಿಗೆ ಗಾಡಿ ಕೊಡಲಿಲ್ಲ. ಸ್ಟ್ಯಾಂಡಿನಲ್ಲಿ ಅವನಿಗೆ 'ಬರಗಾಲ' ಎಂದು ಹೆಸರು ಬಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಬರುತ್ತೋ ಇಲ್ಲವೋ ನೋಡಿಯೇಬಿಡೋಣ ಎಂದು ನಾನು ಮಾಮೆಯ ಬಟ್ಟೆ ಅಂಗಡಿಗೆ ಹೋದೆ.

"ಎಂಜಿನ್ ನನಗೆ ಕೊಡಿ ಮಾಮೆ. ನಿಮ್ಮೆದುರೇ ಬಿಚ್ತೀನಿ. ತಪ್ಪು ಅವಂದೇ ಆದ್ರೆ ಅವ್ನು ಇನ್ಮೇಲೆ ಸ್ಟೀರಿಂಗ್ ಮುಟ್ಟದ ಹಾಗೆ ನಾನೇ ನೋಡ್ಕೋತೀನಿ."

"ಅಕ್ಕನೇ ಜಡ್ಜ್ ಆದ್ರೆ ತಮ್ಮ ಗೆದ್ದ ಹಾಗೇ ಬಿಡು" ಅಂದಳು. "ಅಗ್ಯಾನೂ ಬಂದು ಕೂತ್ಕೊಳ್ಲಿ."

"ಕೂತ್ಕೊಳ್ಲಿ. ಸ್ಟೂಲ್ ಕೂಡ ನಾನೇ ಹಾಕ್ತೀನಿ!"

ಮರುದಿನ ಬೆಳಿಗ್ಗೆ ಇಬ್ಬರೂ ಬಂದು ಕೂತರು. ಆಂಟ್ವಿ ತಲೆ ತಗ್ಗಿಸಿ ಮೂಲೆಯಲ್ಲಿ ನಿಂತ. ನಾನು ಮೊದಲು ಆಯಿಲ್ ಇಳಿಸಿದೆ. ಹಾಲು ಬೆರೆಸಿದ ಕೋಕೋ ಹಾಗೆ ಬಂತು.

"ನೀರು ಆಯಿಲ್‌ಗೆ ಸೇರಿದೆ" ಅಂದೆ. "ಎರಡನ್ನೂ ಬೇರೆ ಇಡೋ ಗ್ಯಾಸ್ಕೆಟ್ ಹೋಗಿದೆ."

"ಎಂಜಿನ್ ಕುದಿದ್ರೆ ಹೋಗುತ್ತೆ" ಅಂದರು ಅಗ್ಯಾ. "ಕುದಿಸಿದ್ಯಾರು ಅನ್ನೋದಲ್ವಾ ಪ್ರಶ್ನೆ?"

ಎಂಜಿನ್ನಿನ ಮುಚ್ಚಳವಾದ ಹೆಡ್ ಇಳಿಸಿದೆ. ಎರಡು ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಸುಟ್ಟು ಕರಕಲಾಗಿತ್ತು. ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಬೆಳಕು ತೂರಿತು, ಹೆಡ್ ಬಾಗಿದೆ. ರೇಡಿಯೇಟರಿಗೆ ಪೈಪಿನಿಂದ ನೀರು ಬಿಟ್ಟೆ, ಕಟ್ಟಿಕೊಂಡಿರಲಿಲ್ಲ. ನೀರಿನ ಪಂಪು ಬಿಚ್ಚಿದೆ, ರೆಕ್ಕೆಗಳೆಲ್ಲ ಗಟ್ಟಿಯಾಗಿದ್ದವು.

"ಎಲ್ಲಾ ಸರಿಯಾಗೇ ಇದೆ" ಅಂದಳು ಮಾಮೆ. "ಹಾಗಿದ್ರೆ ಸರಿ ಇಲ್ದೆ ಇರೋನು ನಿನ್ ತಮ್ಮನೇ."

ಮೈ ಉರಿದುಹೋಯಿತು. "ಲೋ ಆಂಟ್ವಿ, ಬಾಯಿ ಬಿಡೋ! ಅವತ್ತು ಏನು ನೋಡ್ದೆ?"

"ಎಷ್ಟು ಸಲ ಹೇಳ್ಲಿ ಅಕ್ಕಾ? ಎಂಜಿನ್ ಕೊತಕೊತ ಕುದೀತಿತ್ತು. ರೇಡಿಯೇಟರ್ ಮುಟ್ಟಿದ್ರೆ ಬರೀ ಉಗುರುಬೆಚ್ಚಗಿತ್ತು. ನೀರೂ ತುಂಬಿತ್ತು. ಯಾರೂ ನಂಬ್ಲಿಲ್ಲ."

ಒಳಗೆ ಕುದಿ, ಹೊರಗೆ ತಣ್ಣಗೆ. ಅಂದರೆ ಬಿಸಿನೀರು ರೇಡಿಯೇಟರಿಗೆ ಹೋಗಿಯೇ ಇಲ್ಲ. ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಕೂರುವ ಗೂಡಿನ ಬೋಲ್ಟು ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ.

ಅದನ್ನು ಕಿತ್ತೆಸೆಯುವುದು ಸುವಾಮೆಯ ವಾಡಿಕೆ. ಚಳಿ ದೇಶದವರು ಎಂಜಿನ್ ಬೇಗ ಬಿಸಿಯಾಗಲೆಂದು ಇಟ್ಟದ್ದು, ಈ ಬಿಸಿಲಲ್ಲಿ ಬೆಂದು ಸಾಯುವ ನಮಗೇಕೆ ಎಂಬ ಲೆಕ್ಕ. ಎಷ್ಟೋ ಎಂಜಿನ್ನುಗಳು ತಡೆದುಕೊಳ್ಳುತ್ತವೆ. ಆದರೆ ಈ ಗೂಡಿನ ಹಿಂದೆ ಇನ್ನೊಂದು ತೂತು ಕಾಣಿಸಿತು. ನಾನು ಓಡಿಹೋಗಿ ಅಂಗಡಿಯಿಂದ ಹೊಸ ಥರ್ಮೋಸ್ಟಾಟ್ ತಂದು, ತಂತಿಗೆ ಕಟ್ಟಿ, ಎದುರುಗಡೆ ಜೋಳದ ಹಿಟ್ಟಿನ ಕೆಂಕೆ ಉಂಡೆ ಬೇಯಿಸುತ್ತಿದ್ದ ಅರಬಾಳ ಹಂಡೆಗೆ ಇಳಿಬಿಟ್ಟೆ.

"ಅಯ್ಯೋ ನಿನ್ ಮನೆ ಹಾಳಾಗ! ನನ್ ಕೆಂಕೆ ಜೊತೆ ಕಬ್ಬಿಣ ಬೇಯಿಸ್ತೀಯೇನೇ?" ಎಂದು ಅರಬಾ ಸೌಟು ಎತ್ತಿದಳು.

"ಹೊಸದು ಕಣೇ, ನಿನ್ ಸೌಟಿಗಿಂತ ಚೊಕ್ಕವಾಗಿದೆ. ಒಂದ್ನಿಮಿಷ ಸುಮ್ನಿರು!"

ಎಲ್ಲರೂ ಹಂಡೆಯ ಮೇಲೆ ಬಗ್ಗಿದರು. ಬಿಸಿ ತಾಗಿದಂತೆ ಥರ್ಮೋಸ್ಟಾಟಿನ ಬಾಯಿ ತೆರೆಯಿತು. ಅದೇ ಹೊತ್ತಿಗೆ ಅದರ ಹಿಂಭಾಗದ ಪುಟ್ಟ ತಟ್ಟೆ ಕೆಳಗೆ ಜಾರಿತು.

"ನೋಡಿ ಮಾಮೆ. ಬಾಯಿ ತೆರೆದ್ರೆ ರೇಡಿಯೇಟರ್ ದಾರಿ ತೆರೀತು. ಈ ತಟ್ಟೆ ಜಾರಿದ್ರೆ ನೀರನ್ನ ಎಂಜಿನ್‌ಗೇ ವಾಪಸ್ ಬಿಡೋ ಹಿಂದಿನ ತೂತು ಮುಚ್ತು. ಇದೇ ಇಲ್ದಿದ್ರೆ ತೂತು ಮುಚ್ಚೋರ್ಯಾರು? ಬಿಸಿನೀರು ತಣ್ಣಗಾಗೋಕೆ ಹೋಗ್ದೆ ಎಂಜಿನ್ ಒಳಗೇ ಸುತ್ತು ಹೊಡೀತಾ ಇತ್ತು. ದಿಬ್ಬ ಸಿಕ್ತು, ಕುದೀತು. ಇವ್ನು ಒಂದು ಕೆರೆ ನೀರು ಹಾಕಿದ್ರೂ ಕುದೀತಿತ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು.

"ಹಾಗಾದ್ರೆ ಇದನ್ನ ತೆಗೆದದ್ದು ಯಾರು?" ಎಂದಳು ಮಾಮೆ.

ಆಂಟ್ವಿ ನನ್ನ ತೋಳು ಹಿಡಿದು ಪಿಸುಗುಟ್ಟಿದ. "ಬಿಡಕ್ಕಾ. ಯಾರೋ ಫಿಟ್ಟರ್ ಅಂತ ಹೇಳಿಬಿಡು. ವಯಸ್ಸಾದೋರು."

ಅಪ್ಪ ಸತ್ತಾಗ, ಹೆಣ್ಣು ಹುಡುಗಿ ಗ್ಯಾರೇಜಿಗೇಕೆ ಎಂದು ಊರೆಲ್ಲ ನಗುತ್ತಿದ್ದಾಗ, ನನ್ನನ್ನು ಒಳಗೆ ಕರೆದವರು ಈ ಮನುಷ್ಯ. ಅವರ ಮುಖ ನೋಡಿ ಸಂಕಟವಾಯಿತು. ಆದರೆ ತಮ್ಮನ ಹೆಸರು ಕೆಡುವಾಗ ಯಾರಿಗೂ ಸಂಕಟವಾಗಿರಲಿಲ್ಲ.

"ನೀವು, ಅಗ್ಯಾ" ಅಂದೆ. "ಕೂರಿಸುವಾಗ ನೀವೇ ತೆಗೆದ್ರಿ."

ಅವರು ಬಹಳ ಹೊತ್ತು ಆ ಖಾಲಿ ಗೂಡಿನೊಳಗೆ ಬೆರಳಾಡಿಸಿದರು. ಹಿಂದಿನ ತೂತು ಬೆರಳಿಗೆ ಸಿಕ್ಕಿತು. ನನ್ನ ಕಡೆ ತಿರುಗಿಯೂ ನೋಡದೆ ಎದ್ದರು.

"ಆಂಟ್ವಿ, ನಡಿ."

"ಎಲ್ಲಿಗೆ ಅಗ್ಯಾ?"

"ಸ್ಟ್ಯಾಂಡಿಗೆ. ಅಂದಿದ್ದು ಅಲ್ಲೇ ಅಲ್ವೇನೋ?"

ನಾವೂ ಹಿಂದೆಯೇ ಹೋದೆವು. ಸ್ಟ್ಯಾಂಡಿನಲ್ಲಿ ಯಾರೋ "ಬರಗಾಲ ಬಂತು!" ಎಂದು ಕೂಗಿ, ಅಗ್ಯಾನನ್ನು ಕಂಡು ಬಾಯಿ ಮುಚ್ಚಿಕೊಂಡ. ಅಗ್ಯಾ ಎಲ್ಲರಿಗೂ ಕೇಳುವಂತೆ ಹೇಳಿದರು: "ಈ ಹುಡುಗ ನೀರು ಹಾಕಿದ್ದ. ಎಂಜಿನ್ ಕೆಡಿಸಿದ್ದು ನಾನು."

ನಮ್ಮ ಭಾಷೆಯಲ್ಲಿ 'ದಯವಿಟ್ಟು' ಅನ್ನಲೂ ಕ್ಷಮೆ ಕೇಳಲೂ ಇರುವ ಮಾತಿಗೆ 'ನಿನಗೆ ಟೋಪಿ ತೆಗೆದೆ' ಎಂದೇ ಅರ್ಥ. ಸೊಪ್ಪು ಕೊಳ್ಳುವಾಗ, ಚಿಲ್ಲರೆ ಕೇಳುವಾಗ, ದಿನವಿಡೀ ಅನ್ನುತ್ತಿರುತ್ತೇವೆ. ಯಾರೂ ನಿಜವಾಗಿ ತೆಗೆಯುವುದಿಲ್ಲ. ಹಿರಿಯರು ಕಿರಿಯರಿಗೆ ತೆಗೆಯುವುದಂತೂ ಇಲ್ಲವೇ ಇಲ್ಲ.

ಅಗ್ಯಾ ನಿಮಾಕೊ ಆ ಮಾತು ಹೇಳಿ, ಎರಡೂ ಕೈಯಿಂದ ಟೋಪಿ ತೆಗೆದು, ಆಂಟ್ವಿಯ ಮುಂದೆ ಬರಿ ತಲೆಯಲ್ಲಿ ನಿಂತರು.